ಕೊಂಬೆಯೊಳಗಿನ ಕರೆಂಟು

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ಇದ್ದಬದ್ದ ಬಲ್ಬುಗಳೆಲ್ಲ ಹೊತ್ತಿಕೊಂಡಿರುತ್ತವೆ. ಮಲ್ಲಿಗೆಯ ಗುಡ್ಡೆಗೊಂದು, ಹಣ್ಣಿನ ತಳ್ಳುಗಾಡಿಗೊಂದು. ಮರದ ಕೊಂಬೆಗಳ ಸಂದಿಯಲ್ಲಿ ನುಸುಳುವ ತಂತಿಗಳಲ್ಲಿ 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ತುಯ್ಯುತ್ತಿರುವುದು ವ್ಯಾಪಾರದ ಗದ್ದಲದಲ್ಲಿ ಯಾರಿಗೆ ಬೇಕು? ಆರೇಳು ಕಿಲೋಮೀಟರು ಆಚೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾತ್ರ ಈ 50ರ ಗುಂಯ್‌ಗುಟ್ಟುವಿಕೆ ಕಡುವೈರಿ. ಅಲ್ಲಿ ರಿಷಿಕೇಶ್ ನಾರಾಯಣನ್ ಅವರ ತಂಡ ಬೆನ್ನುಹತ್ತಿರುವುದೂ ಕರೆಂಟನ್ನೇ. ಆದರೆ ಅದು ನರಕೋಶದ ಕೊಂಬೆಗಳದು, ಅಂದರೆ ಡೆಂಡ್ರೈಟುಗಳದು, ಅಳತೆ ಮಿಲಿವೋಲ್ಟುಗಳಲ್ಲಿ.

ಇಂಥ ಪ್ರಯೋಗದ ಮೇಜನ್ನು ನೋಡಬೇಕು. ನೆಲದ ನಡುಕ ತಾಗದಂತೆ ಅದು ಗಾಳಿಯೊತ್ತಡದ ಕಾಲುಗಳ ಮೇಲೆ ನಿಂತಿರುತ್ತದೆ. ಆ 50ರ ಗುಂಯ್‌ಗುಟ್ಟುವಿಕೆ ಒಳನುಸುಳದಂತೆ ಸುತ್ತ ಲೋಹದ ಬಲೆಯ ಪಂಜರ, ಎಲ್ಲದಕ್ಕೂ ಅರ್ತಿಂಗ್. ಸೂಕ್ಷ್ಮದರ್ಶಕದಡಿ ಇಲಿಯ ಮೆದುಳಿನ ಹಿಪ್ಪೋಕ್ಯಾಂಪಸ್ ಎಂಬ ಭಾಗದ ತೆಳು ಹೋಳು, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಆಮ್ಲಜನಕದ ಗುಳ್ಳೆಗಳಾಡಿದ ಉಪ್ಪುನೀರು ಅದರ ಮೇಲೆ ಹರಿಯುತ್ತಿದ್ದರೆ ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಪರದೆಯ ಮೇಲೆ ಬೂದು ಮಬ್ಬು, ಅದರಲ್ಲೊಂದು ನಸುಗೆರೆ. ಎರಡು-ಮೂರು ಮೈಕ್ರೋಮೀಟರ್ ದಪ್ಪದ ಆ ಗೆರೆಯೇ ಕೊಂಬೆ. ಅದಕ್ಕಿಂತ ಸಣ್ಣ ಬಾಯಿಯ ಗಾಜಿನ ನಳಿಗೆಯನ್ನು ಅದರ ಮೈಗೆ ತಾಗಿಸಬೇಕು. ಪೊರೆಯಲ್ಲಿ ಕುಳಿ ಬಿದ್ದ ಕ್ಷಣ, ನಳಿಗೆಗೆ ಜೋಡಿಸಿದ ರಬ್ಬರ್ ಕೊಳವೆಗೆ ಬಾಯಿಟ್ಟು ಮೆಲ್ಲಗೆ ಎಳೆದರೆ ಗಾಜು ಪೊರೆಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ನಳಿಗೆ ಕಸಕ್ಕೆ, ಇನ್ನೊಂದು ಬೇಕು. ಕೋಟಿ ಬೆಲೆಯ ಯಂತ್ರಗಳಿದ್ದರೂ ಕೊನೆಗೆ ನಂಬುವುದು ಮನುಷ್ಯನ ಉಸಿರನ್ನೇ!

ಪ್ಯಾಚ್ ಕ್ಲ್ಯಾಂಪ್ ಎಂಬ ಈ ಉಪಾಯವನ್ನು ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ತೋರಿಸಿದರು. 1991ರಲ್ಲಿ ನೊಬೆಲ್ ಬಂತು. ಕೋಶದ ಒಡಲಿನ ಬಳಿ ಚಿಮ್ಮಿದ ಮಿಡಿತ ಕೊಂಬೆಗಳಿಗೂ ಮರಳಿ ಹರಿಯುವುದನ್ನು ಗ್ರೆಗ್ ಸ್ಟುವರ್ಟ್ ಮತ್ತು ಸಾಕ್‌ಮನ್ 1994ರಲ್ಲಿ ದಾಖಲಿಸಿದರು. ಕೊಂಬೆ ಬರೀ ತಂತಿಯಲ್ಲ ಎಂಬುದು ನಿಚ್ಚಳವಾಗತೊಡಗಿತು.

ಕೊಂಬೆಗೆ ತನ್ನದೇ ಮೆಚ್ಚಿನ ಲಯವೂ ಉಂಟು. ಹಿಪ್ಪೋಕ್ಯಾಂಪಸ್ಸಿನ ಪಿರಮಿಡ್ ಕೋಶಗಳಲ್ಲಿ ಎಚ್‌ಸಿಎನ್ ಎಂಬ ಅಯಾನು ದ್ವಾರಗಳು ಒಡಲಿನಿಂದ ದೂರ ಹೋದಷ್ಟೂ ದಟ್ಟ. ಅವುಗಳಿಂದಾಗಿ ಕೊಂಬೆ ಸೆಕೆಂಡಿಗೆ ಕೆಲವೇ ಸಲ ತೂಗುವ ಅಲೆಗೆ ಹೆಚ್ಚು ಸ್ಪಂದಿಸುತ್ತದೆ. ಕೋಶಗಳ ನಡುವಿನ ಸಂಪರ್ಕ ಬಲಗೊಂಡಾಗ ಈ ಲಯವೂ ಬದಲಾಗುತ್ತದೆಂದು ನಾರಾಯಣನ್, ಟೆಕ್ಸಾಸ್‌ನ ಡೇನಿಯಲ್ ಜಾನ್‌ಸ್ಟನ್ ಜೊತೆ 2007ರಲ್ಲಿ ಪ್ರಕಟಿಸಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಬೆಂಗಳೂರಿನ ತಂಡ 2014ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದ ಸಂಗತಿ. ಮನೆಮನೆಗೆ ಸಾರಿನ ಪುಡಿಯ ಪಾಕ ಬೇರೆಯಾದರೂ ರುಚಿ ಒಂದೇ ಬರುವಂತೆ, ದ್ವಾರಗಳ ಪ್ರಮಾಣ ಒಂದೊಂದು ಕೋಶದಲ್ಲಿ ಒಂದೊಂದು ಬಗೆಯಿದ್ದರೂ ಕೊಂಬೆಯುದ್ದಕ್ಕೂ ಅದೇ ವಿದ್ಯುತ್ ನಕಾಶೆ ಮೂಡಬಲ್ಲದು. ಹೀಗಾಗಿ ಒಂದು ದ್ವಾರವನ್ನೇ ಹಿಡಿದು, ಕೋಶದ ನಡತೆಗೆಲ್ಲ ಇದೇ ಕಾರಣ ಎನ್ನುವ ಹಾಗಿಲ್ಲ.