ಮಾಲೆ ತೆಗೆದ ಮರುದಿನ

ನವೆಂಬರ್ ನಡು ಬಂತೆಂದರೆ ಗೂಡಂಗಡಿಗಳ ಮುಂದೆ ನಿಲ್ಲುವವರ ಪೈಕಿ ಕೆಲವರ ವೇಷ ಬದಲಾಗುತ್ತದೆ. ಕಪ್ಪು ಪಂಚೆ, ಕಪ್ಪು ಅಂಗಿ, ಕೊರಳಲ್ಲಿ ತುಳಸಿ ಮಣಿ, ಬರಿಗಾಲು. ದಿನಕ್ಕೆ ಎರಡು ಪ್ಯಾಕ್ ಸುಡುತ್ತಿದ್ದ ಆಟೋ ಚಾಲಕ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಡಬ್ಬಿಗೆ ಹಾಕಿ ಹೊರಡುತ್ತಾನೆ. ಬೀಡಿ ಕಚ್ಚಿಕೊಂಡೇ ಗೋಡೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಕಟ್ಟನ್ನು ಮುಟ್ಟುವುದಿಲ್ಲ. ವ್ರತ 41 ದಿನದ್ದು, ಕೆಲವರದ್ದು 48 ದಿನದ್ದು (ವಾರದ ಮಾಲೆಯೂ ಈಗ ಚಾಲ್ತಿಯಲ್ಲಿದೆ, ಅದು ಬೇರೆ ಮಾತು). ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮೇಲೆ ಅದೇ ಗೂಡಂಗಡಿ. ಅಂಗಡಿಯವನ ಬಾಯಲ್ಲಿ ಅಭ್ಯಾಸಬಲದಿಂದ ಇನ್ನೂ ‘ಸ್ವಾಮಿ’ ಉಳಿದಿರುತ್ತದೆ: “ಏನ್ ಸ್ವಾಮಿ, ಹಳೇದೇ ಕೊಡ್ಲಾ?”

ಇದನ್ನು ನೋಡಿ ನಗುವವರು ಬಹಳ. ಭಕ್ತಿ ಎಷ್ಟರಮಟ್ಟಿಗಿದೆ ನೋಡಿ ಎಂದು ಕುಟುಕುವವರೂ ಇದ್ದಾರೆ. ಆದರೆ ಸಿಗರೇಟು ಬಿಡುವುದರ ಬಗ್ಗೆ ನಾವು ನಂಬಿಕೊಂಡು ಬಂದಿರುವ ಹಲವು ಮಾತುಗಳನ್ನು ಈ ಮಾಲಾಧಾರಿಗಳು ಪ್ರತಿ ವರ್ಷ ಸುಳ್ಳು ಮಾಡುತ್ತಾರೆ. ಅದನ್ನು ಗಮನಿಸಿದವರು ಕಡಿಮೆ.

ಎಳೆದ ಹೊಗೆಯಲ್ಲಿನ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ಮಿದುಳು ಮುಟ್ಟಲು ಹತ್ತಿಪ್ಪತ್ತು ಸೆಕೆಂಡು ಸಾಕು. ಅಲ್ಲಿ ಡೋಪಮಿನ್ ಚಿಮ್ಮಿ ಒಂದು ಹಿತ ಹುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುತ್ತದೆ, ಮೈ ಮತ್ತೆ ಕೇಳುತ್ತದೆ. ಪೂರಾ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನ ನರಕ: ಸಿಡುಕು, ಚಡಪಡಿಕೆ, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಆಮೇಲೆ ಮೆಲ್ಲಗೆ ಇಳಿಯುತ್ತಾ ಮೂರು-ನಾಲ್ಕು ವಾರಕ್ಕೆ ಹೆಚ್ಚುಕಮ್ಮಿ ತಹಬಂದಿಗೆ ಬರುತ್ತದೆ. ಅಂದರೆ ಲೆಕ್ಕಾಚಾರದ ಪ್ರಕಾರ 41 ದಿನದ ಸ್ವಾಮಿ ಈ ಇಡೀ ನರಕವನ್ನು ದಾಟಿ ಆಚೆ ದಡದಲ್ಲಿ ಕೂತಿದ್ದಾನೆ. ಔಷಧವಿಲ್ಲ, ವೈದ್ಯರಿಲ್ಲ, ‘ನನ್ನ ಕೈಲಿ ಆಗಲ್ಲ’ ಎಂಬ ಮಾತೂ ಇಲ್ಲ. ಕಷ್ಟದ ಭಾಗವನ್ನೆಲ್ಲ ಮುಗಿಸಿದವನು ಸುಲಭದ ಭಾಗದಲ್ಲಿ ಬಿದ್ದನೇಕೆ?

ಟೆಲ್ ಅವೀವ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರ್ಯೂವೆನ್ ದಾರ್ ಮತ್ತು ಸಂಗಡಿಗರು ಸಿಗರೇಟು ಸೇದುವ ಗಗನಸಖ-ಸಖಿಯರನ್ನು ಅಧ್ಯಯನ ಮಾಡಿ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಮಾನದಲ್ಲಿ ಸೇದುವಂತಿಲ್ಲ. ಒಂದು ಪ್ರಯಾಣ ಕೆಲವೇ ಗಂಟೆಯದು, ಇನ್ನೊಂದು ಅದರ ಎರಡು ಪಟ್ಟು ಉದ್ದದ್ದು. ಚಟ ಬರೀ ನಿಕೋಟಿನ್ ಕೊರತೆಯ ಆಟವಾಗಿದ್ದರೆ ಉದ್ದ ಪ್ರಯಾಣದ ಕೊನೆಯಲ್ಲಿ ತಲುಬು ಬಹಳ ಹೆಚ್ಚಿರಬೇಕಿತ್ತು. ಹಾಗಾಗಲಿಲ್ಲ. ಎರಡರಲ್ಲೂ ತಲುಬು ಏರಿದ್ದು ವಿಮಾನ ಇಳಿಯುವ ಹೊತ್ತಿಗೆ. ಕೊನೆಯ ಸಿಗರೇಟಿನಿಂದ ಕಳೆದ ಅವಧಿ ಒಂದೇ ಆಗಿದ್ದರೂ ಚಿಕ್ಕ ಪ್ರಯಾಣದವರು ಇಳಿಯುವಾಗ ಒದ್ದಾಡುತ್ತಿದ್ದರು, ಉದ್ದ ಪ್ರಯಾಣದವರು ನಡುದಾರಿಯಲ್ಲಿ ನೆಮ್ಮದಿಯಾಗಿದ್ದರು. ‘ಈಗ ಸೇದಬಹುದು’ ಎಂದು ಗೊತ್ತಾದಾಗಲೇ ಮನಸ್ಸು ಕುಣಿಯುತ್ತದೆ.

ಮಾಲೆಯ ಕೆಲಸವೂ ಇದೇ. ‘ಸೇದಲೋ ಬೇಡವೋ’ ಎಂಬ ಪ್ರಶ್ನೆಯನ್ನೇ ಅದು ಎತ್ತಿ ಆಚೆ ಇಡುತ್ತದೆ. ರಂಜಾನ್ ತಿಂಗಳಲ್ಲಿ ಹಗಲಿಡೀ ಹೊಗೆಯ ನೆನಪಿಲ್ಲದಂತೆ ದುಡಿದವರು ಇಫ್ತಾರ್‌ನ ಖರ್ಜೂರ ತಿಂದು ಮುಗಿಸುವಷ್ಟರಲ್ಲಿ ಬೆಂಕಿಪೊಟ್ಟಣ ತಡಕುವುದನ್ನೂ ನೋಡಿದ್ದೇವೆ. ಮಾಲೆಗೆ ಒಂದು ಕೊನೆಯ ತಾರೀಕಿದೆ, ಉಪವಾಸಕ್ಕೆ ಸೂರ್ಯಾಸ್ತವಿದೆ. ಆ ಗಡಿ ದಾಟಿದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಸಿಗರೇಟು ಬಿಡುವುದು ಬಹುತೇಕರಿಗೆ ಗೊತ್ತಿದೆ, ಎಷ್ಟೋ ಸಲ ಬಿಟ್ಟೂ ಇದ್ದಾರೆ. ಗೊತ್ತಿಲ್ಲದಿರುವುದು ಬಿಟ್ಟ ಮೇಲೆ ಬದುಕುವುದು ಹೇಗೆ ಎಂಬುದು.

ಅಷ್ಟಕ್ಕೂ ಇದು ಬರೀ ಮನಸ್ಸಿನ ಆಟ ಎಂದುಕೊಳ್ಳಬೇಡಿ. ದಿನಕ್ಕೆ 15 ಸಿಗರೇಟು, ಒಂದೊಂದಕ್ಕೆ ಹತ್ತು ದಮ್ಮು ಎಂದು ಹಿಡಿದರೂ 20 ವರ್ಷಕ್ಕೆ ಹತ್ತು ಲಕ್ಷ ಸಲ ಮೀರುತ್ತದೆ. ಅಷ್ಟೂ ಸಲ ಕೈ ಬಾಯಿಗೆ ಹೋಗಿದೆ, ಮಿದುಳಿಗೆ ಬಹುಮಾನ ಸಿಕ್ಕಿದೆ. ಊಟವಾದ ಮೇಲೊಂದು, ಬಸ್ಸಿಗೆ ಕಾಯುವಾಗೊಂದು, ಫೋನಿನಲ್ಲಿ ಜಗಳವಾಡುವಾಗೊಂದು. ಬೇರೆ ಯಾವ ವಿದ್ಯೆಯನ್ನೂ ನಾವು ಇಷ್ಟು ಸಾಧನೆ ಮಾಡಿ ಕಲಿತಿರುವುದಿಲ್ಲ. ‘ಟೆನ್ಷನ್ ಕಡಿಮೆ ಆಗುತ್ತೆ’ ಎನ್ನುವ ಸಮಾಧಾನವೂ ಇದರ ಪಾಠವೇ. ಇಳಿಯುವ ಟೆನ್ಷನ್‌ನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದದ್ದರಿಂದಲೇ ಹುಟ್ಟಿದ್ದು.

ಬಿಟ್ಟವರನ್ನು ಕೆಡವುವ ಸಣ್ಣ ಸಣ್ಣ ಸಂಗತಿಗಳಿವೆ. ಅವುಗಳ ಬಗ್ಗೆ ಪೋಸ್ಟರುಗಳು ಮಾತಾಡುವುದಿಲ್ಲ, ಕ್ಯಾನ್ಸರ್ ಬಾಯಿಯ ಚಿತ್ರ ತೋರಿಸಿ ಸುಮ್ಮನಾಗುತ್ತವೆ. ಕಾಫಿಯನ್ನೇ ತೆಗೆದುಕೊಳ್ಳಿ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ, ಕೆಫೀನನ್ನು ಒಡೆಯುವುದೂ ಅದೇ ಕಿಣ್ವ. ಹಾಗಾಗಿ ಸೇದುವವರ ಮೈಯಲ್ಲಿ ಕಾಫಿಯ ಕಾವು ಬೇಗ ಆರುತ್ತದೆ. ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ನಿಧಾನವಾಗುತ್ತದೆ. ಈಗ ಅದೇ ನಾಲ್ಕು ಲೋಟ ಫಿಲ್ಟರ್ ಕಾಫಿ ಸರಿಸುಮಾರು ಎಂಟು ಲೋಟದಷ್ಟು ಕೆಲಸ ಮಾಡುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಎರಡಕ್ಕೂ ಎಚ್ಚರ. ಪಾಪ, ಆ ಮನುಷ್ಯ ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಗಿದೆ’ ಎಂದುಕೊಂಡು ಮತ್ತೆ ಹಚ್ಚುತ್ತಾನೆ. ಅವನಿಗೆ ಬೇಕಾಗಿದ್ದ ಉಪದೇಶ ಇಷ್ಟೇ: ಕಾಫಿ ಅರ್ಧಕ್ಕಿಳಿಸು, ಸಂಜೆಯ ಮೇಲೆ ಕುಡಿಯಬೇಡ.

ಇನ್ನೊಂದು, ನಾಲ್ಕು ಜನರ ನಡುವೆ ಹೇಳಿಕೊಳ್ಳಲಾಗದ್ದು. ಬೆಳಿಗ್ಗೆ ಬೀಡಿ ಹಚ್ಚದೆ ಹೊಟ್ಟೆ ಸಡಿಲವಾಗುವುದಿಲ್ಲ ಎನ್ನುವವರು ನಮ್ಮ ಹಳ್ಳಿಗಳಲ್ಲಿ ಲೆಕ್ಕವಿಲ್ಲ. ಅದು ನೆಪವಲ್ಲ. ನಿಕೋಟಿನ್ ಕರುಳಿಗೆ ಚಾಲನೆ ಕೊಡುತ್ತದೆ, ನಿಂತಾಗ ಒಂದೆರಡು ವಾರ ಮಲಬದ್ಧತೆ ಕಾಡುತ್ತದೆ. ಎದ್ದ ಕೂಡಲೇ ಬಿಸಿನೀರು, ರಾತ್ರಿ ಪಚ್ಚಬಾಳೆಹಣ್ಣು, ನಾರಿರುವ ಸೊಪ್ಪು-ತರಕಾರಿ, ಬೇಕಾದರೆ ಇಸಬಗೋಲು ಎಂದು ಮುಂಚೆಯೇ ಹೇಳಿಬಿಟ್ಟರೆ ಎಷ್ಟೋ ಮಂದಿ ಆ ಬೆಳಗಿನ ಬೀಡಿಯನ್ನು ದಾಟುತ್ತಾರೆ. ಕೆಮ್ಮು ಕೂಡ ಕೆಲವರಿಗೆ ಮೊದಮೊದಲು ಹೆಚ್ಚುತ್ತದೆ. ಹೊಗೆಯಿಂದ ಜಡವಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಎಚ್ಚೆತ್ತು ಕಫ ಗುಡಿಸತೊಡಗುವುದೇ ಕಾರಣ. ಬಾಯಿಹುಣ್ಣು ಏಳಬಹುದು. ತೂಕ ವರ್ಷದಲ್ಲಿ ನಾಲ್ಕೈದು ಕೆಜಿ ಏರಬಹುದು. ಏರಲಿ ಬಿಡಿ, ಅದನ್ನು ಆಮೇಲೆ ನೋಡಿಕೊಳ್ಳಬಹುದು.

‘ಗಂಡಸಾದರೆ ಒಂದೇ ಏಟಿಗೆ ಬಿಡಬೇಕು, ಮಾತ್ರೆಗೀತ್ರೆ ಎಂಥದು’ ಎನ್ನುವ ಪೌರುಷದ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ಬಿಟ್ಟೇ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಬಿಪಿಗೆ, ಸಕ್ಕರೆಗೆ ದಿನಾ ಮಾತ್ರೆ ನುಂಗುವ ಮನುಷ್ಯ ಮಿದುಳಿನ ಈ ರೋಗಕ್ಕೆ ಮಾತ್ರ ಬರಿಗೈಯಲ್ಲಿ ಹೋರಾಡಬೇಕೆಂದು ಹಟ ಹಿಡಿಯುವುದು ಯಾವ ನ್ಯಾಯ? ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಕೋಟಿನ್ ಗಮ್ ಮತ್ತು ಪಟ್ಟಿ, ವಾರೆನಿಕ್ಲಿನ್, ಬ್ಯುಪ್ರೊಪಿಯಾನ್, ಸೈಟಿಸಿನ್ ಇವೆಲ್ಲವನ್ನೂ ಶಿಫಾರಸು ಮಾಡಿದೆ. ಜೊತೆಗೆ ಆಪ್ತಸಮಾಲೋಚನೆ ಸೇರಿದರೆ ಫಲ ಇನ್ನೂ ಹೆಚ್ಚು. ಮಾತ್ರೆಗಳಿಗೆ ವೈದ್ಯರ ಚೀಟಿ ಬೇಕು. ಮೂರ್ಛೆರೋಗವಿದ್ದವರಿಗೆ ಬ್ಯುಪ್ರೊಪಿಯಾನ್ ಆಗದು.

ಗಮ್‌ನ ಕಥೆ ಸ್ವಾರಸ್ಯವಾಗಿದೆ. 1960ರ ದಶಕದಲ್ಲಿ ಸ್ವೀಡನ್ನಿನ ಜಲಾಂತರ್ಗಾಮಿ ನಾವಿಕರು ನೀರಿನಡಿ ಸೇದುವಂತಿಲ್ಲವಾದ್ದರಿಂದ ಬಾಯಿಗೆ ಹಾಕುವ ತಂಬಾಕಿಗೆ ತಿರುಗಿ ಹೇಗೋ ನಿಭಾಯಿಸುತ್ತಿದ್ದರು. ಲುಂಡ್ ನಗರದ ಸಂಶೋಧಕರು ಇದನ್ನು ಗಮನಿಸಿ ಸ್ವೀಡನ್ನಿನದೇ ಔಷಧ ಕಂಪನಿಯೊಂದರಲ್ಲಿದ್ದ ರಸಾಯನವಿಜ್ಞಾನಿ ಊವೆ ಫೆರ್ನೊ ಅವರಿಗೆ ತಿಳಿಸಿದರು. ಫೆರ್ನೊ ಸ್ವತಃ ಭಾರೀ ಸಿಗರೇಟುಪ್ರಿಯರು. ಹೊಗೆಯಿಲ್ಲದೆ, ತಂಬಾಕೂ ಇಲ್ಲದೆ ಬರೀ ನಿಕೋಟಿನ್ ಕೊಡುವ ಗಮ್ ಹೀಗೆ ಹುಟ್ಟಿ 1978ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂತು. ನಮ್ಮಲ್ಲಿ 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇಬೇಕು ಎನ್ನುವವರಿಗೆ 4 ಮಿಲಿಗ್ರಾಂ ಬೇಕಾಗುವುದುಂಟು.

‘ಗಮ್ ತಿಂದೆ, ಏನೂ ಆಗಲಿಲ್ಲ, ಬಿಕ್ಕಳಿಕೆ ಬಂತು ಅಷ್ಟೇ’ ಎನ್ನುವವರು ಸಾಮಾನ್ಯವಾಗಿ ಅದನ್ನು ಬಬಲ್ ಗಮ್ಮಿನಂತೆ ಅಗಿದಿರುತ್ತಾರೆ. ನಿಕೋಟಿನ್ ಹೀರಬೇಕಾದ್ದು ಕೆನ್ನೆಯ ಒಳಪದರ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಉಪಯೋಗವಿಲ್ಲ. ನಿಧಾನಕ್ಕೆ ಹತ್ತಾರು ಸಲ ಅಗಿಯಬೇಕು, ಮೆಣಸಿನಂಥ ಖಾರ, ಚುರುಗುಟ್ಟುವಿಕೆ ನಾಲಿಗೆಗೆ ಹತ್ತಿದೊಡನೆ ನಿಲ್ಲಿಸಿ ದವಡೆ ಮತ್ತು ಕೆನ್ನೆಯ ನಡುವೆ ಒತ್ತರಿಸಿಡಬೇಕು. ಒಂದು ನಿಮಿಷ ಬಿಟ್ಟು ಖಾರ ಮಾಯವಾದ ಮೇಲೆ ಮತ್ತೆ ಅಗಿಯಬೇಕು, ಈ ಸಲ ಆಚೆ ಕೆನ್ನೆ. ಹೀಗೆ ಅರ್ಧ ಗಂಟೆ. ಹಾಕಿಕೊಳ್ಳುವ ಕಾಲು ಗಂಟೆ ಮುಂಚಿನಿಂದ ಕಾಫಿ, ನಿಂಬೆಶರಬತ್ತು, ಸೋಡಾ ಬೇಡ. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ಒಳಗಿಳಿಯುವುದಿಲ್ಲ. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಒತ್ತರಿಸಿ ಅಭ್ಯಾಸವಿರುವ ನಮ್ಮ ಅಜ್ಜಂದಿರಿಗಾದರೆ ಈ ವಿದ್ಯೆಯನ್ನು ಹೇಳಿಕೊಡಬೇಕಾಗಿಯೇ ಇರಲಿಲ್ಲ! ಹೃದ್ರೋಗಿಗಳು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ಎಂಟರಿಂದ ಹನ್ನೆರಡು ವಾರ ಬಳಸಿ ಮೆಲ್ಲಗೆ ಇಳಿಸಬೇಕು. ಎರಡನೇ ವಾರಕ್ಕೇ ‘ನಾನೀಗ ಸರಿಯಾಗಿದ್ದೀನಿ’ ಎಂದು ನಿಲ್ಲಿಸುವುದು ಅರ್ಧ ಡೋಸಿಗೆ ಆಂಟಿಬಯಾಟಿಕ್ ನಿಲ್ಲಿಸುವ ನಮ್ಮ ರಾಷ್ಟ್ರೀಯ ಚಾಳಿಯ ಮುಂದುವರಿಕೆ.

‘ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೀನಿ’ ಎನ್ನುವವರಿಗೆ ಬೇಸರದ ಸುದ್ದಿ. ದಿನಕ್ಕೊಂದೇ ಸಿಗರೇಟು ಸೇದಿದರೂ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯ, ದಿನಕ್ಕೆ 20 ಸೇದುವವರ ಹೆಚ್ಚುವರಿ ಅಪಾಯದ ಅರ್ಧದ ಹತ್ತಿರ ಹೋಗುತ್ತದೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ ಹೇಳುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು ಅಲ್ಲ, ಅರ್ಧ. ಸಾಲದ್ದಕ್ಕೆ ಸಂಖ್ಯೆ ಇಳಿಸಿದವರು ದಮ್ಮನ್ನು ಆಳಕ್ಕೆ ಎಳೆಯುತ್ತಾರೆ. ಕಡಿಮೆ ಮಾಡುತ್ತಾ ಬಿಡುವುದಕ್ಕಿಂತ ಒಂದು ದಿನ ಗೊತ್ತುಮಾಡಿ ಅಂದೇ ಪೂರ್ತಿ ನಿಲ್ಲಿಸಿದವರು ಹೆಚ್ಚು ಗೆಲ್ಲುತ್ತಾರೆಂದು 2016ರ ಬ್ರಿಟಿಷ್ ಪ್ರಯೋಗವೊಂದು ತೋರಿಸಿತು. ಆರು ತಿಂಗಳ ಕೊನೆಗೆ ಕಡಿಮೆ ಮಾಡುತ್ತಾ ಬಿಟ್ಟವರ ಗುಂಪಿನಲ್ಲಿ ಶೇ 15.5, ಒಂದೇ ದಿನ ನಿಲ್ಲಿಸಿದವರ ಗುಂಪಿನಲ್ಲಿ ಶೇ 22 ಮಂದಿ ಬಿಟ್ಟೇ ಉಳಿದಿದ್ದರು. ಎರಡೂ ಗುಂಪಿಗೆ ನಿಕೋಟಿನ್ ಪಟ್ಟಿಯ ಮತ್ತು ಸಮಾಲೋಚನೆಯ ನೆರವಿತ್ತು ಎಂಬುದನ್ನು ಮರೆಯಬಾರದು. ಮಾಲಾಧಾರಿಗಳ ಪದ್ಧತಿಯೂ ಒಂದೇ ದಿನ ಪೂರ್ತಿ ನಿಲ್ಲಿಸುವುದೇ ಅಲ್ಲವೆ? ಅದಕ್ಕೆ ಬೇಕಾದ ಜೋಡಣೆ ಇಷ್ಟೇ: ಮಾಲೆ ತೆಗೆಯುವ ಮುಂಚೆಯೇ ಗಮ್ ತಂದಿಟ್ಟುಕೊಳ್ಳುವುದು, ಗುರುಸ್ವಾಮಿಯ ಎದುರು ಇನ್ನೊಂದು ತಿಂಗಳ ಮಾತು ಕೊಡುವುದು, ಮನೆಗೆ ಹೋಗುವ ದಾರಿ ಬದಲಿಸುವುದು.

ವಯಸ್ಸಾಯಿತು, ಇನ್ನೇನು ಬಿಡುವುದು ಎನ್ನುವವರಿಗೆ ಬ್ರಿಟಿಷ್ ವೈದ್ಯ-ಸಂಶೋಧಕ ರಿಚರ್ಡ್ ಡಾಲ್ ಉತ್ತರ ಕೊಟ್ಟು ಹೋಗಿದ್ದಾರೆ. ಬ್ರಾಡ್‌ಫರ್ಡ್ ಹಿಲ್ ಜೊತೆ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿ ಕಳಿಸಿ ಅವರು ಆರಂಭಿಸಿದ ಅಧ್ಯಯನ ಐವತ್ತು ವರ್ಷ ನಡೆಯಿತು. ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಮೊದಲೇ ಸತ್ತರು. 30ರಲ್ಲಿ ಬಿಟ್ಟವರು ಆ ಹತ್ತನ್ನೂ ಹೆಚ್ಚುಕಮ್ಮಿ ಮರಳಿ ಪಡೆದರು, 40ರಲ್ಲಿ ಬಿಟ್ಟವರು ಒಂಬತ್ತು, 50ರವರು ಆರು, 60ರವರು ಮೂರು. ಮೊಮ್ಮಗಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ ಮೂರು ವರ್ಷ ಸಣ್ಣದಲ್ಲ. ಶ್ವಾಸಕೋಶದ ಕ್ಯಾನ್ಸರಿಗೂ ಹೊಗೆಗೂ ಇರುವ ನಂಟು ತಮ್ಮದೇ ಅಂಕಿಅಂಶಗಳಲ್ಲಿ ಕಂಡಾಗ ಡಾಲ್ ತಾವೂ ಸಿಗರೇಟು ಬಿಟ್ಟರು. 92 ವರ್ಷ ಬದುಕಿದರು.

ಸರ್ಕಾರದ ಕಡೆ ನೋಡಿದರೆ ನಮ್ಮ ರಾಜ್ಯದ ಸ್ಥಿತಿ ವಿಚಿತ್ರ. ಹುಣಸೂರು, ಪಿರಿಯಾಪಟ್ಟಣದಲ್ಲಿ ವರ್ಜೀನಿಯಾ ತಂಬಾಕಿನ ಹರಾಜು, ಮಂಗಳೂರಿನ ಸುತ್ತ ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು, ಇನ್ನೊಂದೆಡೆ ತಂಬಾಕು ಉತ್ಪನ್ನಗಳ ಕುರಿತ 2024ರ ತಿದ್ದುಪಡಿ ಕಾಯ್ದೆ. ಅದರ ಪ್ರಕಾರ ಕೊಳ್ಳುವ ವಯಸ್ಸು 18ರಿಂದ 21ಕ್ಕೇರಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000ಕ್ಕೇರಿದೆ, ಬಿಡಿ ಸಿಗರೇಟು ಮಾರುವಂತಿಲ್ಲ. ಕಾಗದದ ಮೇಲೆ ಇದು ಒಳ್ಳೆಯ ಕಾನೂನು, ಏಕೆಂದರೆ ಬಿಟ್ಟವರನ್ನು ಮತ್ತೆ ಎಳೆಯುವುದು ಆ ಒಂದು ಬಿಡಿ ಸಿಗರೇಟೇ. ಗೂಡಂಗಡಿಯಲ್ಲಿ ಇದರ ಪಾಲನೆ ಹೇಗಿದೆ ಎಂದು ಓದುಗರಿಗೆ ಹೇಳಬೇಕಿಲ್ಲ. ಕೆಲಸಕ್ಕೆ ಬರುವುದು ಪ್ಯಾಕಿನ ಮೇಲೇ ಮುದ್ರಿಸಿರುವ 1800-11-2356. ರಾಷ್ಟ್ರೀಯ ತಂಬಾಕು ಸಹಾಯವಾಣಿಯ ಈ ಸಂಖ್ಯೆಗೆ ಕರೆ ಉಚಿತ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಜರ್ದಾ, ಗುಟ್ಕಾ ಅಗಿಯುವವರೂ ಕರೆ ಮಾಡಬಹುದು. 2016-17ರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸೇದುವವರಿಗಿಂತ ಅವರ ಸಂಖ್ಯೆಯೇ ದೊಡ್ಡದು.

ಮನೆಯವರಿಗೆ ಒಂದು ಮಾತು. ಮೊದಲ ವಾರದ ಸಿಡುಕನ್ನು ಜ್ವರದ ಬಡಬಡಿಕೆಯಂತೆ ಬಿಟ್ಟುಬಿಡಿ. ‘ಇದಕ್ಕಿಂತ ಸೇದುತ್ತಿದ್ದಾಗಲೇ ವಾಸಿ ಇದ್ರಿ’ ಎಂಬ ಮಾತನ್ನಂತೂ ನುಂಗಿಕೊಳ್ಳಿ. ಅಂಗಿಯ ಜೇಬು ಮೂಸುವ ಪತ್ತೇದಾರಿಕೆ ಬೇಡ. ತಲುಬಿನ ಅಲೆ ಐದಾರು ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ಅವರ ಕೈಗೆ ಏನಾದರೂ ಕೊಡಿ, ಸುಲಿಯಲು ಅವರೆಕಾಯಿಯಾದರೂ ಸರಿ.

ತಿಂಗಳುಗಳು ಉರುಳಿದ ಮೇಲೆ ಯಾವುದೋ ಮದುವೆಯ ಹಿಂದಿನ ರಾತ್ರಿ ಛತ್ರದ ಹಿತ್ತಲಲ್ಲಿ ಹಳೆಯ ಗೆಳೆಯ ಪ್ಯಾಕು ಮುಂದೆ ಹಿಡಿಯುತ್ತಾನೆ. ‘ಇಷ್ಟು ದಿನ ಬಿಟ್ಟಿದ್ದೀಯಲ್ಲ, ಒಂದರಿಂದ ಏನಾಗುತ್ತೆ ಮಾರಾಯಾ.’ ಬೇಡವೆನ್ನುವುದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿದ್ದರೆ ಬಚಾವ್. ಹಾಗೂ ಸೇದಿದರೆನ್ನಿ, ಆಗ ‘ಎಲ್ಲ ಹಾಳಾಯಿತು, ಇನ್ನು ಬಿಟ್ಟೇನು, ಹಿಡಿದೇನು’ ಎಂದು ಪೂರ್ತಿ ಪ್ಯಾಕು ಕೊಳ್ಳುವುದೇ ನಿಜವಾದ ಜಾರುವಿಕೆ. ಒಂದಕ್ಕೆ ನಿಲ್ಲಿಸಿ ಬೆಳಿಗ್ಗೆ ಗಮ್ ಹಿಡಿದವರು ಬಿಟ್ಟವರ ಪಟ್ಟಿಯಲ್ಲೇ ಇದ್ದಾರೆ. ಸಹಾಯವಾಣಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಬೇಕು. ಆಪ್ತಸಮಾಲೋಚಕರ ಕೆಲಸ ಬೈಯುವುದಲ್ಲ. ಯಾರು ಕೊಟ್ಟರು, ಎಷ್ಟು ಗಂಟೆಗೆ, ಊಟ ಆಗಿತ್ತೇ, ಕೈಯಲ್ಲಿ ಲೋಟವಿತ್ತೇ ಎಂದು ಒಂದೊಂದಾಗಿ ವಿಚಾರಿಸಿ, ಮುಂದಿನ ಮದುವೆ ಯಾವಾಗ ಎಂದು ಕೇಳಿ ಬರೆದುಕೊಳ್ಳುವುದು.