ಪಠ್ಯಪುಸ್ತಕದೊಳಗಿನ ಕಾದಂಬರಿ

ಪಿಯುಸಿ ಓದುವ ಮಗಳು ಭೌತಶಾಸ್ತ್ರದ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ಸಿಕ್ಕಿಬಿದ್ದರೆ ಅಪ್ಪನಿಗೆ ಸಿಟ್ಟು ಬರುವುದು ಸಹಜ. ‘ಪ್ರೀತಿ ಪ್ರೇಮ, ಮಾಟ ಮಂತ್ರ ಓದಿದರೆ ಮಾರ್ಕ್ಸ್ ಬರುತ್ತದೆಯೇ?’ ಚಳ್ಳಕೆರೆಯ ಶೇಂಗಾ ವ್ಯಾಪಾರಿಯ ಮನೆಯಿರಲಿ, ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯಿರಲಿ, ಪ್ರಶ್ನೆ ಇದೇ.

ಕಿತ್ತುಕೊಳ್ಳುವ ಮುನ್ನ ಒಂದು ಸಂಗತಿ ನೆನೆಯೋಣ. ತ.ರಾ.ಸು. (1920–1984) ಹೆಸರಿನ ‘ತ’ ಎಂದರೆ ಚಳ್ಳಕೆರೆ ತಾಲ್ಲೂಕಿನ ತಳಕು. ಮನೆಮಾತು ತೆಲುಗು, ಬರೆದದ್ದು ಕನ್ನಡ. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಮನೆಮನೆಗೂ ಪರಿಚಿತನಾದವನು ಪ್ರೇಮಿ ರಾಮಾಚಾರಿ. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರದಲ್ಲಿ, ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಚಾಮಯ್ಯ ಮೇಷ್ಟ್ರು ಬಯಸಿದ್ದು ಒಳ್ಳೆಯದನ್ನೇ. ಆದರೂ ಅವಳ ಬಾಳು ಹಾಳಾಗುತ್ತದೆ; ಕೊನೆಗೆ ಶಿಷ್ಯನೂ ಉಳಿಯುವುದಿಲ್ಲ, ಮೇಷ್ಟ್ರೂ ಉಳಿಯುವುದಿಲ್ಲ. ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಯಾರಿಗೂ ಸಿಗದು. ಇದು ಮಕ್ಕಳಿಗಿಂತ ಹೆತ್ತವರಿಗೇ ಹೇಳಿದ ಪಾಠವಲ್ಲವೇ?

ಮಾಟದ ಕಥೆಯೂ ಅಷ್ಟೇ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ವನ್ನು ಆಂಧ್ರದ ಗಡಿಗೆ ಅಂಟಿದ ಈ ಸೀಮೆಯಲ್ಲಿ ಎರಡು ಭಾಷೆಯಲ್ಲೂ ಓದಬಹುದು. ಅದನ್ನು ಓದಿ ಹೆದರಿದವರು ಮಾಟ ಕಲಿಯಲಿಲ್ಲ. ದಪ್ಪ ಪುಸ್ತಕವನ್ನು ಮುಗಿಸುವ ರೂಢಿ ಕಲಿತರು. ಆ ರೂಢಿ ಪಠ್ಯಕ್ಕೂ ಬೇಕು.

ಹಾಗೆಂದು ಪರೀಕ್ಷೆಯ ಹಿಂದಿನ ರಾತ್ರಿಯೂ ಕಾದಂಬರಿ ಹಿಡಿಯಬೇಕೆಂದಲ್ಲ. ವಿದ್ಯಾರ್ಥಿಗಳೇ, ಹೊತ್ತು ನೋಡಿ ಓದಿ, ಕದ್ದು ಓದಬೇಡಿ. ಹೆತ್ತವರೇ, ಫೇಲಾದ ಮಗುವಿಗೆ ಮರುಪರೀಕ್ಷೆ ಇದೆ. ಪುಸ್ತಕ ಕಿತ್ತುಕೊಂಡ ಅಪ್ಪನಿಗೂ ಒಂದಿದೆ: ಅದನ್ನು ಹಿಂದಿರುಗಿಸಿ, ‘ಮುಂದೇನಾಯಿತಮ್ಮಾ?’ ಎಂದು ಕೇಳುವುದು.