ಒಂದೇ ಮಿನಾರ ಉಳಿದ ಮನೆ

ಬೀದರ್ ನಗರದ ಚೌಬಾರಾ ಗೋಪುರದಿಂದ ಕೋಟೆಯ ಕಡೆಗೆ ನಡೆದು ಹೋಗುವಾಗ ಎತ್ತರದ ಮಿನಾರವೊಂದು ಕಣ್ಣಿಗೆ ಬೀಳುತ್ತದೆ. ಒಂದೇ ಮಿನಾರ. ಅದರ ಜೋಡಿ ಇರಬೇಕಾಗಿದ್ದ ಜಾಗದಲ್ಲಿ ಬರೀ ಆಕಾಶ. ಮುಖ್ಯದ್ವಾರ ಇದ್ದ ಕಡೆ ಬಯಲು. ಇದುವೇ ಖ್ವಾಜಾ ಮಹ್ಮೂದ್ ಗಾವಾನ್‌ರವರ ಮದ್ರಸ.

ಮದ್ರಸ ಎಂದಾಕ್ಷಣ ನಮ್ಮ ಮನಸ್ಸಿಗೆ ಬರುವುದು ಮಸೀದಿಯ ಪಕ್ಕದ ಒಂದು ಕೋಣೆ, ನಾಲ್ಕು ಚಾಪೆ, ಒಂದು ಕರಿಹಲಗೆ. ಇದು ಹಾಗಲ್ಲ. ಮೂರು ಅಂತಸ್ತಿನ ಕಟ್ಟಡ, 205 ಅಡಿ ಉದ್ದ, 180 ಅಡಿ ಅಗಲ. ವಿದ್ಯಾರ್ಥಿಗಳಿಗೆ 36 ಕೋಣೆಗಳು, ಅಧ್ಯಾಪಕರಿಗೆ 6 ವಸತಿಗಳು, ಮಸೀದಿ, 3000 ಹಸ್ತಪ್ರತಿಗಳಿದ್ದವೆಂದು ಇತಿಹಾಸಕಾರರು ಹೇಳುವ ಗ್ರಂಥಾಲಯ. ಇಲ್ಲಿ ಓದುವವರು ಇಲ್ಲೇ ಉಂಡು ಇಲ್ಲೇ ಮಲಗುತ್ತಿದ್ದರು. ಆದ್ದರಿಂದ ಇದು ಶಾಲೆ ಮಾತ್ರವಲ್ಲ, ಮನೆಯೂ ಹೌದು.

ಕಟ್ಟಿದ ವರ್ಷವನ್ನು ತಿಳಿಯಲು ಸೊಗಸಾದ ದಾರಿಯೊಂದಿದೆ. ಅರಬಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುವ 'ಅಬ್ಜದ್' ಲೆಕ್ಕವನ್ನು ಹಳೆಯ ಉಸ್ತಾದರಲ್ಲಿ ಕಲಿತವರು ಬಲ್ಲರು. ಪ್ರವಾದಿ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ) ಕಅಬಾದ ಗೋಡೆ ಎತ್ತುವಾಗ, ತಮ್ಮ ಸೇವೆಯನ್ನು ಸ್ವೀಕರಿಸೆಂದು ಬೇಡಿದ ದುಆ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿದೆ. ಅದರ ಮೊದಲ ಮೂರು ಪದಗಳನ್ನು ಕೂಡಿ ನೋಡಿ: 253, 532, 91. ಒಟ್ಟು 876. ಮದ್ರಸ ಮುಗಿದದ್ದು ಹಿಜರಿ 876ರಲ್ಲಿ, ಅಂದರೆ ಕ್ರಿ.ಶ. 1471-72ರಲ್ಲಿ. ಮಕ್ಕಳನ್ನು ಕೂರಿಸಿಕೊಂಡು ಮನೆಯಲ್ಲಿಯೇ ಇದನ್ನು ಲೆಕ್ಕ ಹಾಕಬಹುದು.

ಖ್ವಾಜಾ ಇರಾನಿನ ಗೀಲಾನ್ ಪ್ರಾಂತದವರು. ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದರು. 1461ರಲ್ಲಿ ಸುಲ್ತಾನ್ ಹುಮಾಯೂನ್ ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಎಳೆಯ ಬಾಲಕ. ಆಗ ರಾಜ್ಯವನ್ನು ನಡೆಸಿದ ಮೂವರಲ್ಲಿ ಖ್ವಾಜಾ ಒಬ್ಬರು. ಇನ್ನೊಬ್ಬರು ಬಾಲಕನ ತಾಯಿ ಮಖ್ದೂಮಾ ಜಹಾನ್. ಮುಸ್ಲಿಮ್ ಮಹಿಳೆ ಆಡಳಿತ ನಡೆಸಿದ ಉದಾಹರಣೆಗಾಗಿ ದೂರದ ದೇಶಗಳನ್ನು ಹುಡುಕುವ ನಾವು ಬೀದರಿನ ಈ ತಾಯಿಯ ಹೆಸರನ್ನು ಎಷ್ಟು ಮಂದಿ ಕೇಳಿದ್ದೇವೆ?

ಇಷ್ಟು ದೊಡ್ಡ ಅಧಿಕಾರದಲ್ಲಿದ್ದರೂ ಖ್ವಾಜಾ ಚಾಪೆಯ ಮೇಲೆ ಮಲಗುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರು ಎಂದು ಚರಿತ್ರೆಗಳು ಹೇಳುತ್ತವೆ. ಹೆರಾತಿನ ಮಹಾಕವಿ ಜಾಮಿಯವರನ್ನು ಬೀದರಿಗೆ ಕರೆದು ಪತ್ರ ಬರೆದರು. ಜಾಮಿ ಬರಲಿಲ್ಲ, ಆದರೆ ಪತ್ರ ವ್ಯವಹಾರ ಮುಂದುವರಿಯಿತು. ಅಂಥವರಿಗೆ ಸಿಕ್ಕ ಪ್ರತಿಫಲವೇನು? ಆಸ್ಥಾನದ ವಿರೋಧಿಗಳು ಅವರ ಮೊಹರು ಇದ್ದ ಖಾಲಿ ಕಾಗದದ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಕುಡಿತದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೂ ಮಾಡದೆ 1481ರ ಏಪ್ರಿಲ್‌ನಲ್ಲಿ ಅವರ ತಲೆ ತೆಗೆಸಿದ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮರುವರ್ಷ ಸುಲ್ತಾನನೂ ಸತ್ತ.

ಕಟ್ಟಿದವರು ಹೋದರೂ ಕಟ್ಟಡ ಎರಡು ಶತಮಾನಗಳಿಗೂ ಹೆಚ್ಚು ಕಾಲ ನಿಂತಿತ್ತು. ಅದು ಹೇಗೆ ಒಡೆಯಿತು?

ನಮ್ಮ ಹೊಸಕೋಟೆಯವರಿಗೆ ದೇವನಹಳ್ಳಿ, ಶ್ರೀರಂಗಪಟ್ಟಣ ಹತ್ತಿರ. ಬೀದರ್ ರಾಜ್ಯದ ಇನ್ನೊಂದು ತುದಿ, ಸುಮಾರು 700 ಕಿ.ಮೀ. ಆದರೂ ಹೆಣ್ಣುಮಕ್ಕಳ ಒಂದು ಚಿಕ್ಕ ತಂಡವನ್ನು, ಇಬ್ಬರು ತಾಯಂದಿರ ಜೊತೆಗೆ, ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮುರಿದ ಗೋಡೆಯ ಬಳಿ ನಿಂತು ಸಿಡಿಲು ಬಡಿದ ಕತೆಯನ್ನು ಹೇಳಿದೆ. ತಾಯಂದಿರಲ್ಲಿ ಒಬ್ಬರು ನಿಟ್ಟುಸಿರಿಟ್ಟು, "ತಕ್ದೀರ್, ಹಝ್ರತ್" ಎಂದರು. ಎಂಟನೇ ತರಗತಿಯ ಹುಡುಗಿ ಮಾತ್ರ ಬಿಡಲಿಲ್ಲ. "ಸಿಡಿಲು ಬಿದ್ದರೆ ಗೋಡೆ ಬಿರುಕು ಬಿಡಬಹುದು. ಇಷ್ಟು ದೊಡ್ಡ ಮಿನಾರ ಹೇಗೆ ಹೋಯಿತು?"

ಸರಿಯಾದ ಪ್ರಶ್ನೆ. 1657ರಲ್ಲಿ, ಇನ್ನೂ ರಾಜಕುಮಾರನಾಗಿದ್ದ ಔರಂಗಝೇಬ್ ಬೀದರ್ ಕೋಟೆಯನ್ನು ಗೆದ್ದುಕೊಂಡ. ಆ ಬಳಿಕ ಮದ್ರಸದ ಕೆಲವು ಕೋಣೆಗಳು ಕುದುರೆ ಸವಾರರ ಬಿಡಾರವಾದವು. ಒಂದು ಮಿನಾರದ ಪಕ್ಕದ ಕೋಣೆಗಳಲ್ಲಿ ಕೋವಿಮದ್ದನ್ನು ತುಂಬಿಟ್ಟರು. 1696ರಲ್ಲಿ ಸಿಡಿಲು ಬಿದ್ದು ಮದ್ದಿಗೆ ಬೆಂಕಿ ಹತ್ತಿತು. ದಕ್ಷಿಣದ ಮಿನಾರ, ಮುಖ್ಯದ್ವಾರ, ಒಟ್ಟಿನಲ್ಲಿ ಕಟ್ಟಡದ ಕಾಲು ಭಾಗಕ್ಕಿಂತ ಹೆಚ್ಚು ಒಂದೇ ಏಟಿಗೆ ಹೋಯಿತು.

ಮದ್ದು ಏನು ಮಾಡಬಲ್ಲದು ಎಂಬುದು ಬೀದರಿಗೆ ಹೊಸದಾಗಿರಲಿಲ್ಲ. 1657ರ ಮುತ್ತಿಗೆಯಲ್ಲಿಯೇ ಕೋಟೆಯ ಬುರುಜಿನಲ್ಲಿಟ್ಟ ಮದ್ದಿಗೆ ಕಿಡಿ ಬಿದ್ದು, ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಪ್ರಾಣ ಬಿಟ್ಟಿದ್ದ. ಗೆದ್ದವರು ಅದನ್ನು ಕಣ್ಣಾರೆ ಕಂಡಿದ್ದರು. ಆಮೇಲೂ ಅದೇ ಮದ್ದು ಮದ್ರಸದೊಳಕ್ಕೆ ಬಂತು. ಸಿಡಿಲು ಅಲ್ಲಾಹನ ಆಜ್ಞೆ, ಒಪ್ಪೋಣ. ಮದ್ದನ್ನು ಹೊತ್ತು ತಂದದ್ದು ಮನುಷ್ಯರ ಕೈ. ಒಂಟೆಯನ್ನು ಮೊದಲು ಕಟ್ಟು, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನಾವು ದಿನವೂ ಮಕ್ಕಳಿಗೆ ಹೇಳುತ್ತೇವಲ್ಲವೇ? ಇಲ್ಲಿ ಪರರನ್ನು ದೂರಲು ನಮಗೆ ಅವಕಾಶವೂ ಇಲ್ಲ. ಕಟ್ಟಿದವರೂ ಮುಸ್ಲಿಮರು, ಅಧ್ಯಯನದ ಕೋಣೆಯನ್ನು ಮದ್ದಿನ ಮನೆ ಮಾಡಿದ ದೊರೆತನವೂ ಮುಸ್ಲಿಮರದೇ. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೆ ಆ ಹುಡುಗಿಗೆ ನಾನು ಬೇರೆ ಉತ್ತರವನ್ನು ಕೊಡಲಾರೆ.

ಉಳಿದ ಮೂರು ಪಾರ್ಶ್ವಗಳೂ ಅಂಗಳವೂ ಇಂದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮುಂಗೋಡೆಯಲ್ಲಿ, ಮಿನಾರದಲ್ಲಿ ನೀಲಿ, ಬಿಳಿ, ಹಳದಿ, ಹಸಿರು ಹೆಂಚುಬಿಲ್ಲೆಗಳ ತುಣುಕುಗಳು ಅಲ್ಲಲ್ಲಿ ಉಳಿದಿವೆ. ಮಿನಾರದ ಅಂಕುಡೊಂಕು ಪಟ್ಟಿಗಳನ್ನು ಕಂಡ ನಮ್ಮ ಹುಡುಗಿಯರು ಕಸೂತಿಯ ಮಾದರಿಯೆಂದು ನೋಟ್‌ಬುಕ್ಕಿನಲ್ಲಿ ಬಿಡಿಸಿಕೊಂಡರು. ಹೋಗುವವರು ಬೆಳಿಗ್ಗೆಯೇ ಹೋಗಬೇಕು. ಕಟ್ಟಡದ ಮುಖ ಪೂರ್ವಕ್ಕಿರುವುದರಿಂದ ಎಳೆಬಿಸಿಲಿನಲ್ಲಿ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಮಧ್ಯಾಹ್ನದ ಬಳಿಕ ಆ ಗೋಡೆ ನೆರಳಿಗೆ ಸರಿಯುತ್ತದೆ.